ಎಲ್ಲಿ ನೋಡ್ಕಂಡು ಬರೀಲಿ ಮಿಸ್?

ಆ ಹುಡುಗನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಬೇರೊಂದು ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿ ನಮ್ಮಲ್ಲಿಗೆ ಎರಡನೇ ತರಗತಿಗೆ ಸೇರಿದ್ದ. ಅವನ ಅವ್ವ ಚೀಲದಿಂದ ಐದು ಕಾಪಿ ಪುಸ್ತಕ ತೆಗೆದು ನನ್ನ ಮುಂದೆ ಜೋಡಿಸಿ, "ನೋಡಿ ಮಿಸ್, ಒಂದಕ್ಷರ ಗೆರೆಯಿಂದ ಆಚೆ ಹೋಗಿಲ್ಲ" ಅಂದರು. ನಿಜಕ್ಕೂ ಹೋಗಿರಲಿಲ್ಲ. ಪುಟದ ಮೇಲೆ ಪುಟ ಕಾಗುಣಿತ, ಒತ್ತಕ್ಷರ, ಪದಗಳು, ಹತ್ತತ್ತು ಸಲ ಬರೆದ ಒಂದೇ ವಾಕ್ಯ. ಅವನಿಗೊಂದು ಖಾಲಿ ಹಾಳೆ ಕೊಟ್ಟು, "ನೆನ್ನೆ ಸಾಯಂಕಾಲ ಏನು ಮಾಡಿದೆ ಮಗ, ಅದನ್ನ ಬರಿ" ಅಂದೆ. ಹುಡುಗ ಹಾಳೆ ನೇರ ಮಾಡಿಕೊಂಡ. ಮೇಲೆ ಮೂಲೆಯಲ್ಲಿ ತಾರೀಖು ಬರೆದ. ತಲೆ ಎತ್ತಿ ಕಪ್ಪುಹಲಗೆ ನೋಡಿದ, ಅದು ಖಾಲಿಯಿತ್ತು. ಪಕ್ಕದವಳ ಹಾಳೆ ನೋಡಿದ. ಕೊನೆಗೆ ನನ್ನನ್ನೇ ಕೇಳಿದ: "ಎಲ್ಲಿ ನೋಡ್ಕಂಡು ಬರೀಲಿ ಮಿಸ್?"

ಅದೇ ಹುಡುಗ ಅದೇ ದಿನ ಬಿಸಿಯೂಟಕ್ಕೆ ಕೂತಾಗ, ಗದ್ದೆ ಬದುವಿನ ಬಿಲಕ್ಕೆ ಕಡ್ಡಿ ಹಾಕಿ ಏಡಿ ಹಿಡಿದ ಕತೆಯನ್ನು ಉಸಿರು ಬಿಡದೆ ಹೇಳಿದ. ಅಣ್ಣ ಏನಂದ, ಏಡಿ ಎಲ್ಲಿ ಕಚ್ಚಿತು, ಅಪ್ಪ ಯಾಕೆ ಬೈದರು, ಒಂದೂ ಬಿಡಲಿಲ್ಲ. ಎಣಿಸಿದ್ದರೆ ಮೂವತ್ತು ನಲವತ್ತು ವಾಕ್ಯಗಳಾಗುತ್ತಿದ್ದವು. ಒಂದರಲ್ಲೂ ಕರ್ತೃ ಕ್ರಿಯೆ ತಪ್ಪಿರಲಿಲ್ಲ. ಬಾಯಲ್ಲಿ ಇಷ್ಟು ವಾಕ್ಯ ಇಟ್ಟುಕೊಂಡ ಮಗುವಿನ ಕೈಗೆ ಒಂದು ವರ್ಷ ಪೂರ್ತಿ ನಾವು ಶಿಕ್ಷಕರು ಹೇಳಿಕೊಟ್ಟಿದ್ದು ಒಂದೇ ಪಾಠ: ಬರೆಯುವುದೆಂದರೆ ನೋಡಿಕೊಂಡು ಬರೆಯುವುದು.

ಶ್ರೀರಂಗಪಟ್ಟಣ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಣ್ಣ ಮಕ್ಕಳ ಜೊತೆ ಚಾಪೆಯ ಮೇಲೆ ಕೂತವಳು ನಾನು. ಈ ಇಪ್ಪತ್ತು ವರ್ಷದಲ್ಲಿ ಪಠ್ಯಪುಸ್ತಕ ಬದಲಾಗಿದೆ, ತರಬೇತಿಗಳ ಹೆಸರು ಬದಲಾಗಿದೆ, ಅಲುಗದೆ ನಿಂತಿರುವುದು ಒಂದು ನಂಬಿಕೆ. "ಮೊದಲು ಅಕ್ಷರ ಕುದುರಲಿ. ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ, ಆಮೇಲೆ ಪದ. ವಾಕ್ಯ ಕೊನೆಗೆ ತಾನಾಗಿ ಬರುತ್ತೆ." ಪಾಂಡವಪುರದ ಪೋಷಕರ ಸಭೆಯಲ್ಲೂ ಇದೇ ಮಾತು, ನಾಗಮಂಗಲದ ಟ್ಯೂಷನ್ ಮನೆಯಲ್ಲೂ ಇದೇ ಮಾತು, ಕೆ.ಆರ್. ಪೇಟೆಯಿಂದ ಫೋನು ಮಾಡುವ ನನ್ನ ಅಕ್ಕನ ಬಾಯಲ್ಲೂ ಇದೇ ಮಾತು. ಅದರ ಜೊತೆಗೇ ಬಾಲದ ಹಾಗೆ ಇನ್ನೊಂದು: "ಆಟ ಆಡಿಸಿದ್ದು ಸಾಕು, ಬರೆಸಿ."

ಈ ನಂಬಿಕೆ ತಪ್ಪು. ಸ್ವಲ್ಪ ತಿದ್ದಿದರೆ ಸರಿಹೋಗುವಂಥ ತಪ್ಪೂ ಅಲ್ಲ, ಬುಡದಲ್ಲೇ ತಪ್ಪು. ಅದರಲ್ಲೂ ಕನ್ನಡಕ್ಕೆ ಇದು ಒಂದಿಷ್ಟೂ ಹೊಂದುವುದಿಲ್ಲ.

ಕನ್ನಡದಲ್ಲಿ ಎಲ್ಲಕ್ಕಿಂತ ಚಿಕ್ಕ ವಾಕ್ಯ ಎಷ್ಟು ಉದ್ದ? ಒಂದಕ್ಷರ. "ಬಾ." ಇದು ಪದವೂ ಹೌದು, ಪೂರ್ತಿ ವಾಕ್ಯವೂ ಹೌದು. ಹೇಳುವವರಿದ್ದಾರೆ, ಕೇಳುವವರಿದ್ದಾರೆ, ಆಗಬೇಕಾದ ಕೆಲಸವಿದೆ. "ತಾ" ಇನ್ನೊಂದು. ಎರಡಕ್ಷರಕ್ಕೆ ಬಂದರೆ ಓಡು, ಕುಣಿ, ನಗು, ಹಾಡು, ಕೂಗು, ನೋಡು, ಒಂದರಲ್ಲೂ ಒತ್ತಕ್ಷರವಿಲ್ಲ. "ಬಂದಳು" ಅಂದರೆ ಸಾಕು, ಯಾರು ಬಂದದ್ದೆಂದು ಆ ಕೊನೆಯ "ಅಳು" ಹೇಳುತ್ತದೆ, "ಅವಳು" ಎಂದು ಬೇರೆ ಬರೆಯಬೇಕಾಗಿಲ್ಲ. ಹೀಗಿರುವ ಭಾಷೆಯಲ್ಲಿ ವಾಕ್ಯವನ್ನು ಏಣಿಯ ತುದಿಯಲ್ಲಿ ಕಟ್ಟಿಟ್ಟು, ಹತ್ತಿ ಬಾ ಎಂದು ಮಗುವಿಗೆ ಹೇಳುತ್ತಿದ್ದೇವೆ. ಅದು ನೆಲದ ಮೇಲೇ ಇದೆ, ಮಗುವಿನ ಕಾಲ ಬಳಿಯೇ ಇದೆ.

ಏಣಿಯ ನಡುವಿನ ಮೆಟ್ಟಿಲುಗಳಾದರೂ ಎಂಥವು? ವರ್ಣಮಾಲೆಯಲ್ಲಿ 34 ವ್ಯಂಜನ. ಒಂದೊಂದಕ್ಕೆ ಕ ಕಾ ಕಿ ಕೀ ಎಂದು ಕಃ ವರೆಗೆ 15 ರೂಪ. ಒಟ್ಟು 510. "ಕಾಗುಣಿತ ಪೂರ್ತಿ ಬರಲಿ, ಆಮೇಲೆ ನೋಡೋಣ" ಅನ್ನುವವರು ಈ 510ನ್ನೂ ಆರು ವರ್ಷದ ಮಗುವಿನ ಕೈಯಲ್ಲಿ ತೀಡಿಸುತ್ತಾರೆ. ಇದರಲ್ಲಿ ಙೃ ಇದೆ, ಞೌ ಇದೆ, ಣಃ ಇದೆ. ಈ ಅಕ್ಷರಗಳಿರುವ ಒಂದು ಕನ್ನಡ ಪದ ಹೇಳಿ ಎಂದರೆ ಬರೆಸಿದ ಮೇಷ್ಟರಿಗೇ ಗೊತ್ತಿರುವುದಿಲ್ಲ, ಏಕೆಂದರೆ ಅಂಥ ಪದವೇ ಇಲ್ಲ. ಯಾವತ್ತೂ ಬೇಕಾಗದ ಅಕ್ಷರಕ್ಕಾಗಿ ಇವತ್ತೇ ಬೇಕಾದ ವಾಕ್ಯವನ್ನು ಮಗು ಕಾಯಬೇಕು.

ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಈ ಸಂಕೋಲೆಯನ್ನು ಸ್ವಲ್ಪ ಸಡಿಲ ಮಾಡಿತು. ಅದರ ಹುಟ್ಟು ನಮಗೆ ದೂರದ್ದಲ್ಲ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು, ಯುನಿಸೆಫ್ ನೆರವಿನಲ್ಲಿ, ತಾವೇ ಕಾರ್ಡು ಬರೆದು, ತಾವೇ ಹಾಡು ಕಟ್ಟಿ ಶುರುಮಾಡಿದ್ದು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಆರಂಭ ಮಾಡುತ್ತೇವೆ. ಐದಕ್ಷರ ಬಂದ ಕೂಡಲೇ ಮಗು ಅರಸ, ಸರ, ಗರಗಸ ಎಂದು ಓದುತ್ತದೆ. ದೊಡ್ಡ ಬಿಡುಗಡೆ ಅದು, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲೂ ನಾವು ಪದದಲ್ಲಿ ನಿಂತುಬಿಟ್ಟೆವು. ಆ ಐದಕ್ಕೆ ಒಂದು ಬ, ಒಂದು ಸೊನ್ನೆ ಸೇರಿಸಿ ನೋಡಿ: "ಅರಸ ಬಂದ." ಐದಕ್ಷರ, ಒಂದು ಸೊನ್ನೆ, ಒಂದು ಕತೆಯ ಬಾಗಿಲು. ಬಂದ ಅರಸ ಮುಂದೇನು ಮಾಡಿದ ಎಂದು ಕೇಳದ ಮಗುವನ್ನು ನಾನಿನ್ನೂ ಕಂಡಿಲ್ಲ. "ಗರಗಸ" ಎಂದು ಹತ್ತು ಸಲ ಬರೆದ ಮಗು ಏನನ್ನೂ ಕೇಳುವುದಿಲ್ಲ. ಬೆರಳಿನ ನೆಟಿಕೆ ಮುರಿದುಕೊಂಡು ಹನ್ನೊಂದನೆಯದಕ್ಕೆ ಹೋಗುತ್ತದೆ.

ಹಾಗಾದರೆ ಆಟ ಎಲ್ಲಿ ಬಂತು? ನಾನು ಮಾಡುವುದನ್ನು ಹೇಳುತ್ತೇನೆ. ಜೂನ್ ತಿಂಗಳ ಕೊನೆಗೆ, ಹತ್ತು ಹದಿನೈದು ಅಕ್ಷರ ಗೊತ್ತಾಗುವ ಹೊತ್ತಿಗೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದಿಡುತ್ತೇನೆ. ಹಳೆ ಕ್ಯಾಲೆಂಡರ್ ಕತ್ತರಿಸಿದ ಚೀಟಿಗಳು. ಮೊದಲ ಎರಡು ದಿನ ಚೀಟಿ ಬರೆಯುವವಳು ನಾನು: ಓಡು, ಕೂಗು, ಕುಣಿ. ಎತ್ತಿದವರು ಓದಿ ಹೇಳಬಾರದು, ಮಾಡಿ ತೋರಿಸಬೇಕು. ಮೂರನೇ ದಿನ ಚೀಟಿ ಬರೆಯುವುದು ಮಕ್ಕಳು, ಎತ್ತುವವಳು ನಾನು. ಮಿಸ್ಸನ್ನು ಕುಣಿಸುವ ಅಧಿಕಾರ ಎರಡಕ್ಷರದಲ್ಲಿ ಸಿಗುತ್ತದೆಂದು ಗೊತ್ತಾದ ದಿನ ಇಡೀ ತರಗತಿ ಬರೆಯಲು ಕೂತಿತು. ಯಾರಿಗೂ ಬರೆಯಿರಿ ಅನ್ನಬೇಕಾಗಲಿಲ್ಲ. ನಾನು ಕುಣಿದೆ. ಕುಣಿದು ಕುಣಿದು ಸಾಕಾದಾಗ ನಿಲ್ಲಿಸುವ ಚೀಟಿ ಬೇಕೆಂದೆ. ಒಬ್ಬ ಓಡಿಹೋಗಿ "ನಿಲು" ಎಂದು ಬರೆದು ತಂದ. ಓದಿ, ಕುಣಿಯುತ್ತಲೇ ಇದ್ದೆ. "ನಿಲ್ಲಿ ಮಿಸ್, ನಿಲ್ಲು ಅಂತ ಬರ್ದಿವ್ನಿ!" ಅಂದ. ನಿಲು ಅಂತಿದೆಯಲ್ಲಪ್ಪ ಅಂದೆ. ಹುಡುಗ ಚೀಟಿಯನ್ನು ಬಾಯಲ್ಲಿ ಎರಡು ಸಲ ಅಂದುಕೊಂಡ, ಗೋಡೆಯ ಮೇಲಿನ ಒತ್ತಕ್ಷರದ ಪಟ ಹುಡುಕಿದ, ಲ ಕೆಳಗೊಂದು ಒತ್ತು ತಂದು ಕೊಟ್ಟ. ಒತ್ತಕ್ಷರ ಬೇಕಾದ ದಿನ ಒತ್ತಕ್ಷರ ಬಂತು. ಅದಕ್ಕಾಗಿ ಆರು ತಿಂಗಳು ಕಾಯಬೇಕಾಗಲಿಲ್ಲ.

ಆಮೇಲೆ ಡಬ್ಬದ ಚೀಟಿಗಳು ತಾವಾಗಿ ಉದ್ದವಾಗುತ್ತವೆ. "ಬಾ" ಎಂದಿದ್ದದ್ದು "ಬೇಗ ಬಾ" ಆಗುತ್ತದೆ, "ಊಟಕೆ ಬಾ" ಆಗುತ್ತದೆ, "ನಮ ಮನೆಗೆ ಬಾ ಮಿಸ್" ಆಗುತ್ತದೆ.

ಎರಡನೇ ಆಟಕ್ಕೆ ನಮ್ಮ ಮಕ್ಕಳಿಟ್ಟ ಹೆಸರು "ಗೂಟದಾಟ". ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉಳಿದದ್ದೆಲ್ಲ ಅದರ ಎಡಕ್ಕೆ ಕಟ್ಟಿಕೊಳ್ಳುತ್ತದೆ, ಗೂಟಕ್ಕೆ ಕಟ್ಟಿದ ದನದ ಹಾಗೆ. ಒಬ್ಬಳು "ಬಂತು" ಎಂಬ ಚೀಟಿ ಹಿಡಿದು ಬಲಗಡೆ ಗೋಡೆಗೆ ಒರಗಿ ನಿಲ್ಲುತ್ತಾಳೆ, ಅವಳೇ ಗೂಟ. ಏನು ಬಂತು ಎಂದು ಉಳಿದವರು ಕೂಗುತ್ತಾರೆ. "ಬಸ್ಸು" ಬಂದು ಪಕ್ಕ ನಿಲ್ಲುತ್ತದೆ. ಎಂಥ ಬಸ್ಸು? "ಕೆಂಪು." ಎಲ್ಲಿಂದ? "ಪಾಂಡವಪುರದಿಂದ." ಯಾವಾಗ? ಹೀಗೆ ಸಾಲು ಎಡಕ್ಕೆ ಬೆಳೆಯುತ್ತಾ ಬಾಗಿಲು ದಾಟಿ ಜಗಲಿಗೆ ಹೋಗುತ್ತದೆ. ಪ್ರತಿಯೊಬ್ಬರು ಸೇರಿದಾಗಲೂ ಎಲ್ಲರೂ ಸೇರಿ ಮೊದಲಿಂದ ಕೂಗಿ ಓದಬೇಕು. ಗೂಟದ ಹುಡುಗಿ ಅಲ್ಲಾಡುವ ಹಾಗಿಲ್ಲ. ಆಟ ಮುಗಿದ ಮೇಲೆ ತಮಗೆ ನೆನಪಿದ್ದಷ್ಟು ಸ್ಲೇಟಿನಲ್ಲಿ ಬರೆಯುತ್ತಾರೆ. ಕೆಲವರು ಎರಡು ಪದ, ಕೆಲವರು ಆರು.

ಒಂದು ದಿನ "ಬಸ್ಸು" ಹುಡುಗನನ್ನು ಕೂರಿಸಿ ಆ ಜಾಗಕ್ಕೆ "ಅಜ್ಜಿ"ಯನ್ನು ನಿಲ್ಲಿಸಿದೆ. "ಪಾಂಡವಪುರದಿಂದ ಕೆಂಪು ಅಜ್ಜಿ ಬಂತು" ಎಂದು ಓದಿ ನಕ್ಕು ನೆಲಕ್ಕೆ ಬಿದ್ದರು. "ಬಂತು ಅನ್ನಬಾರದು, ಬಂದಳು ಅನ್ನಬೇಕು" ಎಂದಳು ಒಬ್ಬಳು. "ನಮ್ಮನೇಲಿ ಅಜ್ಜಿ ಬಂತು ಅಂತಲೇ ಅನ್ನೋದು" ಎಂದ ಇನ್ನೊಬ್ಬ. ನಮ್ಮ ಸೀಮೆಯ ಹಳ್ಳಿಮನೆಗಳಲ್ಲಿ ಹಾಗನ್ನುವುದು ನಿಜ, ಪ್ರೀತಿಯಿಂದಲೇ ಅನ್ನುತ್ತಾರೆ. ಕಾಲು ಗಂಟೆ ವಾದ ನಡೆಯಿತು. ಲಿಂಗ ಎಂಬ ವ್ಯಾಕರಣದ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಮಾತಾಡುತ್ತಿದ್ದದ್ದು ಅದನ್ನೇ. ಇದನ್ನು ಕಾಲಹರಣ ಅನ್ನುವವರು ಆ ಕಾಲು ಗಂಟೆ ನಮ್ಮ ಚಾಪೆಯ ಮೇಲೆ ಬಂದು ಕೂತಿರಬೇಕಿತ್ತು.

ಆಟ ಎಂದ ಕೂಡಲೇ ಅಂಗಡಿಯಲ್ಲಿ ಸಿಗುವ ಬಣ್ಣದ ವರ್ಕ್‌ಶೀಟ್ ನೆನೆಯುವವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಅವರು ಆಟದ ಕಡೆಯವರೆಂದು ಹೇಳಿಕೊಳ್ಳುತ್ತಾರೆ, ಹೊಡೆತ ಅವರಿಂದಲೂ ಬೀಳುತ್ತಿದೆ. ಆ ಹಾಳೆಗಳಲ್ಲಿ ಇರುವುದೇನು? ಸೇಬಿನ ಚಿತ್ರಕ್ಕೆ ಬಣ್ಣ ಹಚ್ಚಿ, ಕೆಳಗೆ "ಇದು ಒಂದು ಸೇಬು" ಎಂದು ಚುಕ್ಕಿ ಸೇರಿಸಿ ಬರೆಯುವುದು. ಇಂಗ್ಲಿಷ್ ಬಾಲಬೋಧೆಯ ಮೊದಲ ವಾಕ್ಯವನ್ನು ಪದಕ್ಕೆ ಪದ ಇಳಿಸಿದ್ದು. ಆ ಭಾಷೆಗೆ ಅದು ಬೇಕು. ಅಲ್ಲಿ ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುವುದಿಲ್ಲ, ಹಣ್ಣಿನ ಹೆಸರಿಗೆ ಮೊದಲು ಒಂದು ಎಂಬ ಗುರುತು ಬರಲೇಬೇಕು. ಕನ್ನಡದ ಮಗು "ಸೇಬು!" ಅನ್ನುತ್ತದೆ, ಇಲ್ಲವೇ "ನಂಗೊಂದು ಸೇಬು" ಅನ್ನುತ್ತದೆ. ಕೈಯಲ್ಲಿ ಹಣ್ಣು ಹಿಡಿದು "ಇದು ಒಂದು ಸೇಬು" ಎಂದು ಯಾರಿಗಾದರೂ ಹೇಳಿದ ಮಗುವನ್ನು ಅರಕೆರೆಯಲ್ಲೋ ಕಿಕ್ಕೇರಿಯಲ್ಲೋ ನೀವು ಕಂಡಿದ್ದೀರಾ? ಹೇಳುವವರಿಲ್ಲದ, ಕೇಳುವವರಿಲ್ಲದ ವಾಕ್ಯ ಅದು. ಅದಕ್ಕೆ ಬಣ್ಣ ಹಚ್ಚಿದ ಮಾತ್ರಕ್ಕೆ ಜೀವ ಬರುವುದಿಲ್ಲ.

ಬಿಟ್ಟ ಸ್ಥಳ ತುಂಬುವುದೂ ಹಾಗೆಯೇ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಯ ಜಾಗ ಖಾಲಿ ಬಿಟ್ಟರೆ ಮಗು ಅಲ್ಲೊಂದು ವಸ್ತುವಿನ ಹೆಸರು ತುಂಬುತ್ತದೆ. ಕನ್ನಡದಲ್ಲಿ ಕೊನೆಯ ಜಾಗ ಕ್ರಿಯೆಯದು, ವಾಕ್ಯದ ಪ್ರಾಣ ಇರುವ ಜಾಗ. ಅಲ್ಲಿ ಏನು ಬರಬೇಕೆಂದು ತೀರ್ಮಾನಿಸುವುದು ಆರು ವರ್ಷದವರಿಗೆ ಆಟವೂ ಹೌದು, ಬುದ್ಧಿಗೆ ಕಸರತ್ತೂ ಹೌದು. "ಅಜ್ಜಿ ಮಗುವನ್ನು ____" ಎಂದು ಬರೆದು ಬಿಡಿ. ಎತ್ತಿಕೊಂಡಳು, ಬೈದಳು, ಮಲಗಿಸಿದಳು, ಹುಡುಕಿದಳು: ನಮ್ಮ ತರಗತಿಯಲ್ಲಿ ಒಮ್ಮೆ ಹತ್ತೊಂಬತ್ತು ಬೇರೆ ಬೇರೆ ಉತ್ತರ ಬಂದವು. ಹತ್ತೊಂಬತ್ತೂ ಸರಿ. ಅಂಗಡಿಯ ಹಾಳೆಯಲ್ಲಿ ಸರಿಯುತ್ತರ ಒಂದೇ ಇರುತ್ತದೆ, ಅದೂ ಮೇಲಿನ ಆವರಣದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಮತ್ತೆ ಅದೇ, ನೋಡಿಕೊಂಡು ಬರೆಯುವುದು.

ಸರ್ಕಾರದ ಕಾಗದಗಳಲ್ಲಿ ಆಟ ಎಂದೋ ಗೆದ್ದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಕರೆದು ಅದಕ್ಕೆ ಆಟವೇ ಅಡಿಪಾಯ ಎಂದಿತು. 2023ರಲ್ಲಿ ದೆಹಲಿಯಿಂದ ಆಟಿಕೆ, ಒಗಟು, ಗೊಂಬೆಗಳ ಜಾದೂಯಿ ಪಿಟಾರಾ ಎಂಬ ಪೆಟ್ಟಿಗೆ ಬಂತು. ಒಳ್ಳೆಯದೇ. ಆದರೆ ತಪಾಸಣೆಗೆ ಬಂದವರು ತೆರೆದು ನೋಡುವುದು ಪೆಟ್ಟಿಗೆಯನ್ನಲ್ಲ, ನೋಟ್ ಪುಸ್ತಕವನ್ನು. ಎಷ್ಟು ಪುಟ ತುಂಬಿದೆ, ಎಷ್ಟು ಕಡೆ ಕೆಂಪು ಸಹಿ ಬಿದ್ದಿದೆ. ಮನೆಯಲ್ಲಿ ಅಪ್ಪ ಅಮ್ಮ ನೋಡುವುದೂ ಅದನ್ನೇ. ಪುಟಕ್ಕೆ ಮರ್ಯಾದೆ ಇರುವವರೆಗೆ ಪೆಟ್ಟಿಗೆ ಬೀರುವಿನಲ್ಲೇ ಇರುತ್ತದೆ.

ಎದುರು ಪಕ್ಷದವರ ಬಲವಾದ ವಾದ ಒಂದಿದೆ, ಅದನ್ನು ಬಿಟ್ಟು ಹೋಗುವುದು ನ್ಯಾಯವಲ್ಲ. "ನಲಿ-ಕಲಿ ಬಂದ ಮೇಲೇ ಮಕ್ಕಳಿಗೆ ಓದು ಬರಹ ಹೋಯಿತು" ಅನ್ನುತ್ತಾರೆ. 2022ರ ಅಸರ್ ಸಮೀಕ್ಷೆ ತೋರಿಸುತ್ತಾರೆ: ಕರ್ನಾಟಕದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 8.6, 2018ರಲ್ಲಿ ಅದು ಶೇ 19.2 ಇತ್ತು. ಈ ಅಂಕಿ ನೋಡಿ ನನಗೂ ನಿದ್ದೆ ಬಂದಿಲ್ಲ. ಆದರೆ ಆ ಮಕ್ಕಳು ಶಾಲೆಗೆ ಸೇರಬೇಕಾಗಿದ್ದ ಕಾಲದಲ್ಲಿ ಕೋವಿಡ್‌ನಿಂದ ಶಾಲೆಗೆ ಬೀಗ ಬಿದ್ದಿತ್ತೆಂಬುದನ್ನು ಮರೆತು ಇದನ್ನು ಓದುವ ಹಾಗಿಲ್ಲ. ಅದಕ್ಕೂ ಮೊದಲಿನ 19.2 ಏನು ಹೆಮ್ಮೆಯದೇ? ನಾನು ಕಂಡ ಹಾಗೆ, ನಲಿ-ಕಲಿ ಎಂಬ ಫಲಕ ಹಾಕಿದ ಕೊಠಡಿಗಳಲ್ಲೂ ದಿನದ ಬಹುಪಾಲು ನಡೆಯುವುದು ಹಲಗೆ ನೋಡಿ ನಕಲು ಮಾಡುವ ಕೆಲಸವೇ. ಮೂವತ್ತು ಮಕ್ಕಳು, ಮೂರು ತರಗತಿ, ಒಬ್ಬ ಶಿಕ್ಷಕಿ, ಮೇಲೆ ತುಂಬಬೇಕಾದ ಪ್ರಗತಿ ಪಟ್ಟಿ. "ಇದನ್ನ ಬರೀತಾ ಇರಿ" ಅನ್ನದೆ ಅವಳು ಏನು ಮಾಡಿಯಾಳು? ಅಲ್ಲಿ ಸೋತದ್ದು ಆಟವಲ್ಲ, ಆಟ ಅಲ್ಲಿ ನಡೆಯಲೇ ಇಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರು ಕೈಯಾರೆ ಮಾಡಿದ ಕಾರ್ಡು ಅಚ್ಚಾಗಿ ಬಂದಾಗ, ಅವರ ಕೈಯ ಚಟುವಟಿಕೆ ನಮ್ಮ ಕೈಗೆ ದಾಟಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಎಷ್ಟೋ ವರ್ಷ ನಾನೂ ಬರೀತಾ ಇರಿ ಎಂದವಳೇ.

"ತಪ್ಪು ತಪ್ಪಾಗಿ ಬರೆದರೆ ಅದೇ ಕೈಗೆ ಅಂಟುತ್ತದೆ" ಎಂಬ ಭಯ ಇನ್ನೊಂದು. ಮಗು ನಡೆಯಲು ಕಲಿಯುವಾಗ ಬೀಳುತ್ತದೆ, ಬೀಳುವುದು ಕಾಲಿಗೆ ಅಂಟುತ್ತದೆಯೇ? ಇಷ್ಟು ಹೇಳಿ ಸುಮ್ಮನಾದರೆ ಭಯ ಹೋಗುವುದಿಲ್ಲ, ಗೊತ್ತು. ತಪ್ಪು ಅಂಟುವುದು ಬರೆದದ್ದನ್ನು ಯಾರೂ ಓದದಿದ್ದಾಗ. "ನಿಲು" ಎಂದು ಬರೆದವನ ಮುಂದೆ ಒಬ್ಬಳು ಕುಣಿಯುತ್ತಲೇ ಇದ್ದದ್ದರಿಂದ ಅವನಿಗೆ ತಪ್ಪು ಕಂಡಿತು. ಅದೇ ಪದವನ್ನು ಹತ್ತು ಸಲ ತೀಡಿದ್ದರೆ ಹತ್ತು ಸಲವೂ ಸರಿಯಾಗಿಯೇ ಇರುತ್ತಿತ್ತು, ಹನ್ನೊಂದನೇ ಸಲ ನೋಡದೆ ಬರೆಯಬೇಕಾದಾಗ ಕೈ ನಡುಗುತ್ತಿತ್ತು. ನನ್ನ ಕಪಾಟಿನಲ್ಲಿ ಅಂಥ ಪುಸ್ತಕಗಳ ಕಟ್ಟೇ ಇದೆ.

ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ ಪ್ರತಿ ಮಗುವನ್ನೂ ಹತ್ತಿರ ಕರೆದು, ನಿನಗೆ ಇವತ್ತು ಯಾವ ಪದ ಬೇಕು ಎಂದು ಕೇಳುತ್ತಿದ್ದರು. ಕೇಳಿದ ಪದವನ್ನು ಗಟ್ಟಿ ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದರು. ಭಯದ, ಪ್ರೀತಿಯ ಪದಗಳು ಒಂದೇ ನೋಟಕ್ಕೆ ಮಗುವಿನಲ್ಲಿ ಉಳಿಯುತ್ತವೆ ಎಂಬುದು 1963ರ ಅವರ 'ಟೀಚರ್' ಪುಸ್ತಕದ ತಿರುಳು. ಅದನ್ನು ಓದಿದ ವರ್ಷ ನಾನೂ ಕೇಳಿ ನೋಡಿದೆ. ನಮ್ಮ ಮಕ್ಕಳು ಕೇಳಿದ್ದು ಗರಗಸವನ್ನಲ್ಲ. ಅವ್ವ, ಹಾವು, ದೆವ್ವ, ಟ್ರ್ಯಾಕ್ಟರ್. ಟ್ರ್ಯಾಕ್ಟರಿನಲ್ಲಿ ಮೂರು ಒತ್ತು, ಒಂದು ಅರ್ಧಾಕ್ಷರ. ನಮ್ಮ ಕ್ರಮದ ಪ್ರಕಾರ ಅದು ಬರಬೇಕಾದದ್ದು ಬಹಳ ಮುಂದೆ. ಕೇಳಿದ ಹುಡುಗ ಮರುದಿನ ಅದನ್ನು ನೋಡದೆ ಬರೆದ. ಅಪ್ಪನ ಟ್ರ್ಯಾಕ್ಟರ್ ಅದು, ಕಬ್ಬು ತುಂಬಿಕೊಂಡು ಬರುವಾಗ ಅವನು ಮಡ್‌ಗಾರ್ಡಿನ ಮೇಲೆ ಕೂರುತ್ತಾನೆ.

ಆಟ ಬೇರೆ, ಬರವಣಿಗೆ ಬೇರೆ ಎಂದು ಗೆರೆ ಎಳೆದವರು ಮಕ್ಕಳನ್ನು ಸರಿಯಾಗಿ ನೋಡಿಲ್ಲ. ತೆಂಗಿನ ಗರಿಯ ದಿಂಡನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಕುದುರೆ ಓಡಿಸುವ ಮಗುವಿಗೆ, ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂಬುದು ಆಗಲೇ ಗೊತ್ತಾಗಿದೆ. ಬರವಣಿಗೆ ಎಂದರೂ ಅಷ್ಟೇ, ಗೆರೆ ಮಾತಿನ ಬದಲಿಗೆ ನಿಲ್ಲುವುದು. ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್ಸ್ಕಿ, ಮಗುವಿನ ಆಟ, ಚಿತ್ರ, ಬರಹ ಮೂರನ್ನೂ ಒಂದೇ ಬಳ್ಳಿಯ ಕುಡಿಗಳಾಗಿ ಕಂಡರು. ನಾವು ಬಳ್ಳಿ ಕತ್ತರಿಸಿ ಹೂವಿಗೆ ಕಾಯುತ್ತಿದ್ದೇವೆ. ಆಟದ ಹಾಗೆ ಹಾಡೂ ಬರವಣಿಗೆಗೆ ದಾರಿಯೇ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹೊರುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದದ್ದು ಸಾಂಗತ್ಯದಲ್ಲಿ, ಹಾಡಿಕೊಳ್ಳುವ ಮಟ್ಟಿನಲ್ಲಿ. ಬಾಯಿಯ ದಾರಿ ಹಿಡಿದು ಬರವಣಿಗೆಗೆ ಬರುವುದು ಈ ಊರಿಗೆ ಹೊಸದೇನಲ್ಲ.

ಬಾಯಿಯ ದಾರಿ ಎಂದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವ ವಿಷಯ ಅಲ್ಲೇ ಇದೆ. ನಮ್ಮ ಮಂಡ್ಯ ಸೀಮೆಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹಣ್ಣು ಅಣ್ಣು, ಹೋದ ಓದ. ಮಗು "ಅಣ್ಣು" ಎಂದು ಬರೆದರೆ ಅದರ ಕಿವಿ ಚುರುಕಾಗಿದೆ ಎಂದು ಅರ್ಥ. ತನ್ನ ಮನೆಯಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹಿಡಿದಿದೆ. ಅದರ ಮೇಲೆ ಕೆಂಪು ಗೆರೆ ಬೀಳುತ್ತದೆ. ನಾಲ್ಕು ಸಲ ಬಿದ್ದ ಮೇಲೆ ಮಗು ಎಲ್ಲಿ ಹ ಹಾಕಬೇಕೋ ತಿಳಿಯದೆ ಎಲ್ಲಕ್ಕೂ ಹಾಕತೊಡಗುತ್ತದೆ: ಆನೆ ಹಾನೆಯಾಗುತ್ತದೆ, ಎಮ್ಮೆ ಹೆಮ್ಮೆಯಾಗುತ್ತದೆ. ಐದನೇ ಸಲ ಅದು ಬರೆಯುವುದನ್ನೇ ಬಿಟ್ಟು, ಎಲ್ಲಿ ನೋಡ್ಕಂಡು ಬರೀಲಿ ಎಂದು ಕೇಳುತ್ತದೆ. ನೋಡಿಕೊಂಡು ಬರೆದರೆ ಕೆಂಪು ಗೆರೆ ಬೀಳುವುದಿಲ್ಲವಲ್ಲ.

ಇದೇ ಆಡುಮಾತನ್ನು ದೊಡ್ಡವರು ಬರೆದರೆ ನಾವು ಶಾಲು ಹೊದಿಸುತ್ತೇವೆ. ರಾಜರತ್ನಂ ಅವರ 'ರತ್ನನ ಪದಗಳು' ನಮಗೆ ಹೆಮ್ಮೆ. ಬೆಸಗರಹಳ್ಳಿ ರಾಮಣ್ಣನವರ ಕತೆಗಳಲ್ಲಿ ಮಂಡ್ಯದ ಮಾತು ಬಂದರೆ ನಮಗೆ ಆನಂದ. ನಂಜನಗೂಡು ಕಡೆಯ ಮಾತಿನಲ್ಲಿ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆರು ವರ್ಷದ ಮಗು ಅದೇ ಮಾತಿನಲ್ಲಿ ಒಂದು ಸಾಲು ಬರೆದರೆ ಮಾತ್ರ ತಪ್ಪು. ಪುಸ್ತಕದ ಕನ್ನಡ ಮಗುವಿಗೆ ಬೇಕು, ಖಂಡಿತ ಬೇಕು. ಮುಂದೆ ಅರ್ಜಿ ಬರೆಯಬೇಕು, ಪರೀಕ್ಷೆ ಬರೆಯಬೇಕು. ಅದಕ್ಕೂ ಆಟವಿದೆ. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ ಮನೆ ಮಾತು, ಬಲಕ್ಕೆ ಪುಸ್ತಕದ ಮಾತು ಎಂದು ಬರೆದರೆ ಮೂರನೇ ತರಗತಿಯವರು ದಾಟಿಸುವ ಆಟವನ್ನು ಖುಷಿಯಿಂದ ಆಡುತ್ತಾರೆ. ಆದರೆ ದಾಟಿಸಲು ಎಡಗಡೆಯಲ್ಲಿ ಏನಾದರೂ ಇರಬೇಕು. ನಾವು ಎಡಗಡೆಯನ್ನೇ ಒರೆಸಿಬಿಟ್ಟಿದ್ದೇವೆ.

ಹೋದ ವರ್ಷ ಒಂದು ಸೋಮವಾರ ಒಂದನೇ ತರಗತಿಯ ಹುಡುಗಿಯೊಬ್ಬಳು ತಡವಾಗಿ ಬಂದಳು. ಕೂದಲು ಬಾಚಿರಲಿಲ್ಲ, ಲಂಗದ ಅಂಚಿಗೆ ಸಗಣಿ ಮೆತ್ತಿತ್ತು. ಯಾಕೆ ತಡ ಎಂದು ನಾನು ಕೇಳುವ ಮೊದಲೇ ಗೋಡೆಯ ಕೆಳಹಲಗೆಯಲ್ಲಿ ತನ್ನ ಪಾಲಿನ ಜಾಗಕ್ಕೆ ಹೋಗಿ ಬಳಪ ತೆಗೆದುಕೊಂಡು ಬರೆದಳು: "ನಮ್ ಎಮೆ ರಾತ್ರೆ ಕರ ಆಕ್ತು." ನನ್ನ ಇಪ್ಪತ್ತು ವರ್ಷದ ಅಭ್ಯಾಸ ಕೈಯನ್ನು ಡಸ್ಟರ್ ಕಡೆಗೆ ಎಳೆಯಿತು. ತಡೆದುಕೊಂಡು, "ಕರ ಯಾವ ಬಣ್ಣ?" ಎಂದು ಮಾತ್ರ ಕೇಳಿದೆ. ಅವಳು ತಿರುಗದೆಯೇ ಬರೆದಳು: "ಕಪು. ಅಣೇಲಿ ಬಿಳಿ ಐತೆ." ಅಷ್ಟರಲ್ಲಿ ಉಳಿದವರು ಸುತ್ತ ಸೇರಿ ಓದತೊಡಗಿದರು. "ಎಮೆ ಅಂದ್ರೇನು?" ಎಂದ ಒಬ್ಬ. ಅವಳೇ ಗಟ್ಟಿಯಾಗಿ ಓದಿಕೊಂಡು, ನಾಲಿಗೆ ಕಚ್ಚಿ, ಮ ಕೆಳಗೆ ಒತ್ತು ಹಾಕಿದಳು. ನಾನು ಡಸ್ಟರ್ ಎತ್ತಿದ್ದರೆ ಎರಡನೇ ವಾಕ್ಯವೂ ಇರುತ್ತಿರಲಿಲ್ಲ, ಆ ಒತ್ತೂ ಇರುತ್ತಿರಲಿಲ್ಲ.

ಮಧ್ಯಾಹ್ನ ಅವಳು ಅದನ್ನು ಹಾಳೆಗೆ ಇಳಿಸಿ ಎಮ್ಮೆಯ ಚಿತ್ರ ಬರೆದಳು. ತರಗತಿಯಲ್ಲಿ ಮಕ್ಕಳು ಬರೆದದ್ದನ್ನು ತೂಗುಹಾಕುವ ಚಪ್ಪರದ ದಾರಕ್ಕೆ ಕಟ್ಟಿದೆವು. ಊಟ ಬಡಿಸಿ ಮುಗಿಸಿದ ಅಡುಗೆಯ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು, ಕತ್ತೆತ್ತಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ತಪ್ಪು ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಓದಿ ಮುಗಿಸಿ ಹುಡುಗಿಯ ಕಡೆ ತಿರುಗಿ, "ಎಣ್ಗರನಾ, ಕೋಣ್ಗರನಾ?" ಎಂದು ಕೇಳಿದರು. ಅವಳು ಅದನ್ನು ಬರೆದಿರಲಿಲ್ಲ. ದಾರದಿಂದ ಹಾಳೆ ಬಿಚ್ಚಿಸಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿ, ಪೆನ್ಸಿಲಿನ ತುದಿಯನ್ನು ತುಟಿಗೆ ಒತ್ತಿ ಹಿಡಿದಳು.